ಕರಿ ತಿನ್ನದ ಹುಡುಗಿ, ಕೂರ ತಿನ್ನದ ಹುಡುಗಿ

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ನಮ್ಮ ಸರೋಜ ನಮ್ಮ ಮನೆಯಲ್ಲೇ ಇರುತ್ತಾಳೆ! ಅವರಪ್ಪ ಅವಳನ್ನು ಕರೆದುಕೊಂಡು ಹೋಗಲಿಲ್ಲ. ಅವಳ ಟ್ರಂಕು ಮಂಚದ ಕೆಳಗೇ ಇದೆ, ಅವಳ ದಾವಣಿ ಹಗ್ಗದ ಮೇಲೇ ಒಣಗುತ್ತಿದೆ, ನಾಳೆ ಬೆಳಗ್ಗೆ ಅವಳ ತಲೆಗೆ ಎಣ್ಣೆ ಹಚ್ಚಿ, "ಅಯ್ಯೋ ಅಜ್ಜಿ, ಕಿತ್ತೇ ಹೋಯ್ತು" ಎಂದು ಬೈಸಿಕೊಂಡು ಎರಡು ಜಡೆ ಹಾಕುವ ಭಾಗ್ಯವೂ ನನ್ನದೇ. ಈ ಸುದ್ದಿಯನ್ನು ಊರಿಗಾಂನ ಗಣಿ ಕೆಲಸದವರ ಸಾಲುಮನೆಗಳಲ್ಲಿ, ನಮ್ಮ ಲೈನಿನ ಈ ತುದಿಯಿಂದ ಆ ತುದಿಯವರೆಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ನಲ್ಲಿಯ ಹತ್ತಿರ ಹೇಳಿದೆ, ಸೀಮೆಎಣ್ಣೆ ಅಂಗಡಿಯಲ್ಲಿ ಹೇಳಿದೆ, ಯಾರೂ ಸಿಗದಿದ್ದಾಗ ಪಕ್ಕದ ಮನೆಯ ಮೇಕೆಗೂ ಹೇಳಿದೆ. ಅದು ಒಂದು ಸಲ ನನ್ನ ಮುಖ ನೋಡಿ, ನನ್ನ ಸೀರೆಯ ಸೆರಗು ತಿನ್ನುವುದಕ್ಕೆ ಶುರು ಮಾಡಿತು. ಪರವಾಗಿಲ್ಲ. ಈ ವಾರ ನನ್ನ ಸೆರಗು ಯಾರು ಬೇಕಾದರೂ ತಿನ್ನಬಹುದು.

ಸರೋಜ ನನ್ನ ಮಗಳ ಮಗಳು. ಮಗಳನ್ನು ಕೊಟ್ಟಿರುವುದು ಬಂಗಾರಪೇಟೆಯಿಂದ ಆಚೆಗೆ ನಡೆದು ಹೋಗುವಂಥ ಒಂದು ಹಳ್ಳಿಗೆ. ಅಳಿಯ ನಾರಾಯಣಪ್ಪ ಒಳ್ಳೆಯವನೇ. ಹೊಲ ಇದೆ, ಎಮ್ಮೆಗಳಿವೆ, ಕೋಪವೂ ಇದೆ. ಆ ಹಳ್ಳಿಯಲ್ಲಿ ಮಿಡ್ಲ್ ಸ್ಕೂಲಿಗೇ ಓದು ಮುಗಿದುಹೋಗುತ್ತದೆ. ಆಮೇಲೆ ಹೆಣ್ಣುಮಕ್ಕಳು ಸಗಣಿ ತಟ್ಟುತ್ತಾ ಗಂಡು ಬರುವುದನ್ನು ಕಾಯಬೇಕು. ಸರೋಜ ಮಾತ್ರ ಟೀಚರಾಗುತ್ತೇನೆ ಎಂದು ಹಟ ಹಿಡಿದಳು. ಅದಕ್ಕೇ ಹೈಸ್ಕೂಲಿಗೆಂದು ನಮ್ಮ ಮನೆಗೆ ಬಂದು ಸೇರಿಕೊಂಡಳು. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಅವಳು ಸಾಯಂಕಾಲ ದೀಪದ ಮುಂದೆ ಕೂತು ಜೋರಾಗಿ ಓದುತ್ತಿದ್ದರೆ ನನಗೆ ಅರ್ಥವಾಗದಿದ್ದರೂ ಮೈಯೆಲ್ಲ ತಂಪಾಗುತ್ತದೆ. ಮಗಳ ಮದುವೆಯಾದ ಮೇಲೆ ಈ ಮನೆಯಲ್ಲಿ ನಾನು, ನಮ್ಮ ಯಜಮಾನರು, ಅವರ ಗೊರಕೆ ಇಷ್ಟೇ ಇದ್ದದ್ದು. ಈಗ ಮಾತಿದೆ, ನಗು ಇದೆ, ಜಡೆಗೆ ಕಟ್ಟುವ ರಿಬ್ಬನ್ ಕಾಣೆಯಾಗಿ ಮನೆಯೆಲ್ಲ ಹುಡುಕುವ ಗಲಾಟೆ ಇದೆ. ಇದು ನಿಂತುಹೋಗುತ್ತದೆ ಎನ್ನುವ ಹಾಗಾಗಿತ್ತು. ಅದಕ್ಕೆ ಕಾರಣ ಬಾಡು. ಅಂದರೆ, ಬಾಡು ಇದ್ದದ್ದಲ್ಲ, ಬಾಡು ಬೇಡವಾದದ್ದು.

ನಮ್ಮ ಲೈನಿನ ಭಾನುವಾರ ನೀವು ನೋಡಬೇಕು. ನೋಡುವುದೇನು, ಮೂಸಬೇಕು. ನಮ್ಮ ಯಜಮಾನರು ಗಣಿಯೊಳಗೆ ಬಂಡೆ ಕುಸಿಯದ ಹಾಗೆ ಮರ ನಿಲ್ಲಿಸುವ ಕೆಲಸದವರು. ವಾರವೆಲ್ಲ ಭೂಮಿಯ ಹೊಟ್ಟೆ ನೋಡಿಕೊಂಡು ಬರುವ ಗಂಡಸರು ಭಾನುವಾರ ಒಂದು ದಿನ ತಮ್ಮ ಹೊಟ್ಟೆ ನೋಡಿಕೊಳ್ಳುತ್ತಾರೆ. ಬೆಳಗ್ಗೆ ಗಣಿಯ ಸಂಗು ಕೂಗುವ ಹೊತ್ತಿಗೇ ಎಲ್ಲರ ಮನೆಯಲ್ಲೂ ಮಸಾಲೆ ರುಬ್ಬುವ ಸದ್ದು. ಯಾರ ಮನೆಯಲ್ಲಿ ಬೋಟಿ, ಯಾರ ಮನೆಯಲ್ಲಿ ತಲೆಕಾಲು, ಯಾರಿಗೆ ಕಸಾಯಿಯವನು ಬರೀ ಮೂಳೆ ಹಾಕಿ ಮೋಸ ಮಾಡಿದ್ದಾನೆ, ಎಲ್ಲ ವಾಸನೆಯಲ್ಲೇ ಗೊತ್ತಾಗುತ್ತದೆ. ಒಂದು ಮನೆಯಿಂದ ವಾಸನೆ ಬರಲಿಲ್ಲ ಅಂದರೆ, "ಯಾಕೆ, ಮನೇಲಿ ಯಾರಿಗೆ ಉಷಾರಿಲ್ಲ?" ಎಂದು ನಾಲ್ಕು ಜನ ಬಂದು ಕೇಳುತ್ತಾರೆ. ಅಂಥ ಲೈನಿನಲ್ಲಿ ನನ್ನ ಬಾಡಿನ ಸಾರಿಗೆ ಒಂದು ಹೆಸರಿದೆ. ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಹೇಳುವವರೆಗೆ ಕಾಯುವಷ್ಟು ವಯಸ್ಸು ನನಗೆ ಉಳಿದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ. ಮುದ್ದೆ ಇಟ್ಟು, ಮೂಳೆ ಜೊತೆಗಿದ್ದ ಒಳ್ಳೆಯ ತುಂಡು ಹುಡುಕಿ ಸರೋಜಳ ತಟ್ಟೆಗೆ ಹಾಕಲು ಹೋದೆ. ಅವಳು ತಟ್ಟೆಯ ಮೇಲೆ ಅಂಗೈ ಅಡ್ಡ ಇಟ್ಟಳು.

"ಅಜ್ಜಿ, ನಂಗೆ ಬಾಡು ಬೇಡ."

"ಯಾಕೆ, ಉಪ್ಪು ಜಾಸ್ತಿ ಆಯ್ತಾ?"

"ನಾನು ಇನ್ನೂ ತಿಂದೇ ಇಲ್ವಲ್ಲಜ್ಜಿ."

"ಒಟ್ಟೆ ನೋವಾ?"

"ಇಲ್ಲ. ಬೇಡ ಅನ್ನಿಸ್ತದೆ, ಅಷ್ಟೇ."

"ಇವತ್ತಿಗೆ ಬೇಡ್ವಾ?"

"ಇನ್ಮೇಲೆ ಬೇಡ."

ಅಷ್ಟೇ. ಇದಕ್ಕಿಂತ ಹೆಚ್ಚಿಗೆ ಅವಳು ಆವತ್ತೂ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ಅವಳು ಹೇಳಲಿಲ್ಲವಲ್ಲ ಎಂದು ಉಳಿದವರೆಲ್ಲ ಹೇಳಿದರು. ಸ್ಕೂಲಿನಲ್ಲಿ ಯಾರೋ ತಲೆ ಕೆಡಿಸಿದ್ದಾರೆ ಎಂದರು ಯಜಮಾನರು. ಮೈಮೇಲೆ ದೇವರು ಬರುವ ಲಕ್ಷಣ ಎಂದಳು ಪಕ್ಕದ ಮನೆಯ ಕಣ್ಣಮ್ಮ. ಬಂದರೆ ಮೊದಲು ತನಗೆ ಹೇಳಬೇಕು, ತನ್ನ ಮಗನಿಗೆ ಯಾವಾಗ ಕೆಲಸ ಪರ್ಮನೆಂಟ್ ಆಗುತ್ತದೆ ಎಂದು ಕೇಳಬೇಕು ಎಂದಳು. ನನಗೆ ಮಾತ್ರ ಒಂದೇ ಯೋಚನೆ: ನನ್ನ ಸಾರಿನಲ್ಲಿ ಏನು ಕಮ್ಮಿಯಾಯಿತು? ಆವತ್ತು ಲೈನಿನವರೆಲ್ಲ ಮಲಗುವ ಹೊತ್ತಾದರೂ ನಾನು ಪಾತ್ರೆಯ ಮುಚ್ಚಳ ತೆಗೆದು ತೆಗೆದು ರುಚಿ ನೋಡಿದೆ. ಏನೂ ಕಮ್ಮಿಯಾಗಿರಲಿಲ್ಲ. ರುಚಿ ನೋಡುವಷ್ಟರಲ್ಲಿ ಸಾರು ಕಮ್ಮಿಯಾಗಿತ್ತು.

ಮಾರನೆಯ ವಾರ ಒಂದು ಉಪಾಯ ಮಾಡಿದೆ. ತುಂಡುಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ಬರೀ ಎಸರನ್ನು ಬಟ್ಟಲಿಗೆ ಬಗ್ಗಿಸಿ ಕೊಟ್ಟೆ. "ನೋಡು, ಒಂದು ಚೂರೂ ಬಾಡಿಲ್ಲ." ಅವಳು ಬಟ್ಟಲನ್ನು ನೋಡಿದಳು, ನನ್ನನ್ನು ನೋಡಿದಳು. "ಅಜ್ಜಿ, ಬಾಡು ಸ್ನಾನ ಮಾಡಿದ ನೀರು ಇದು" ಎಂದಳು. ಯಜಮಾನರು ನಕ್ಕು ನೆತ್ತಿಗೆ ಹತ್ತಿಸಿಕೊಂಡರು. ಆಮೇಲಿನ ವಾರ ಮೊಟ್ಟೆ ಬೇಯಿಸಿದೆ. ಮೊಟ್ಟೆ ಓಡುವುದಿಲ್ಲ, ಕೂಗುವುದಿಲ್ಲ, ಕಣ್ಣಿಲ್ಲ, ಮೂಗಿಲ್ಲ, ದುಂಡಗೆ ಬಿಳೀ ಬದನೆಕಾಯಿಯ ಹಾಗೇ ಇರುತ್ತದೆ ಎಂದು ವಾದ ಮಾಡಿದೆ. ಅದೂ ಬೇಡವಂತೆ. ಕೊನೆಗೆ ಒಣಮೀನು. ಅದು ಸತ್ತು, ಒಣಗಿ, ಸಮುದ್ರ ಬಿಟ್ಟು, ರೈಲಿನಲ್ಲಿ ಬಂದು, ಅಂಗಡಿಯಲ್ಲಿ ನೇತಾಡಿ ಎಷ್ಟು ದಿನವಾಯಿತೋ ಏನೋ; ಅದರಲ್ಲಿ ಇನ್ನು ಮೀನೆಲ್ಲಿದೆ, ಸೌದೆಯ ಲೆಕ್ಕ ಎಂದೆ. "ಸೌದೆಯಾದ್ರೆ ಒಲೆಗೆ ಆಕಜ್ಜಿ" ಎಂದಳು. ಈಗಿನ ಸ್ಕೂಲುಗಳಲ್ಲಿ ಏನು ಹೇಳಿಕೊಡುತ್ತಾರೋ ಇಲ್ಲವೋ, ಮಾತಿಗೆ ಮಾತು ಕೊಡುವುದನ್ನು ಚೆನ್ನಾಗಿ ಹೇಳಿಕೊಡುತ್ತಾರೆ.

ಸೋತು ಬಂಗಾರಪೇಟೆ ಸಂತೆಯಿಂದ ಒಂದು ಪುಟ್ಟ ಹೊಸ ಮಡಕೆ ತಂದೆ. ಅದು ಸರೋಜಳ ಮಡಕೆ. ಅದಕ್ಕೊಂದು ಬೇರೆ ಸೌಟು. ನಮ್ಮ ಅಡುಗೆಮನೆ ಅಂದರೆ ಒಬ್ಬರು ಕೂತರೆ ಇನ್ನೊಬ್ಬರು ನಿಂತುಕೊಳ್ಳಬೇಕು, ಅಷ್ಟಗಲ. ಅಲ್ಲಿ ಎರಡು ಮಡಕೆ, ಎರಡು ಸೌಟು, ಎರಡು ಮುಚ್ಚಳ. ನೆಲದೊಳಗೆ ಎಲ್ಲೋ ಬಂಡೆ ಒಡೆದು ಮನೆ ನಡುಗಿದರೆ ಮೊದಲು ನಾನು ಬಾಡಿನ ಮಡಕೆಯೊಂದನ್ನು ತಬ್ಬಿಕೊಳ್ಳುತ್ತಿದ್ದೆ. ಈಗ ಎರಡು ಕೈಗೂ ಕೆಲಸ ಸಿಕ್ಕಿತು. ಕಷ್ಟ ಇದ್ದದ್ದು ಸೌಟಿನದು. ನಲವತ್ತು ವರ್ಷ ಒಂದೇ ಸೌಟಿನಲ್ಲಿ ಬಡಿಸಿದ ಕೈ ಇದು. ಮಾತಾಡುತ್ತಾ ಮಾತಾಡುತ್ತಾ ಬಾಡಿನ ಸೌಟನ್ನು ಅವರೆಕಾಳು ಸಾರಿಗೆ ಅದ್ದಿಬಿಡುತ್ತಿದ್ದೆ. ಅದ್ದಿದರೆ ಮುಗಿಯಿತು, ಆ ಪೂರ್ತಿ ಮಡಕೆ ಸರೋಜಳಿಗೆ ಆಗುವುದಿಲ್ಲ. ಪಾಪ, ಉಪ್ಪಿನಕಾಯಿ ಹಾಕಿಕೊಂಡು ಉಣ್ಣುತ್ತಿದ್ದಳು. ಕೆಟ್ಟ ಸಾರನ್ನು ಯಜಮಾನರು "ದಂಡ ಮಾಡಬಾರ್ದು" ಎಂದು ಬಗ್ಗಿಸಿಕೊಳ್ಳುತ್ತಿದ್ದರು. ಸ್ವಲ್ಪ ದಿನ ಕಳೆದ ಮೇಲೆ ನನಗೊಂದು ಅನುಮಾನ ಬಂತು. ನಾನು ಸರಿಯಾಗಿ ಬಡಿಸಿದ ದಿನವೂ ಸೌಟು ಹೇಗೋ ತಪ್ಪು ಮಡಕೆಯಲ್ಲಿ ಇರುತ್ತಿತ್ತು. ಒಂದು ದಿನ ಬಾಗಿಲ ಸಂದಿಯಿಂದ ನೋಡಿದೆ. ಯಜಮಾನರು, ಭೂಮಿಯೊಳಗೆ ಅಷ್ಟು ಆಳಕ್ಕೆ ಧೈರ್ಯವಾಗಿ ಇಳಿಯುವ ಮನುಷ್ಯ, ಬೆಕ್ಕಿನ ಹಾಗೆ ಬಂದು, ಬಾಡಿನ ಸೌಟನ್ನು ಹಿತಕಿದ ಅವರೆಬೇಳೆ ಸಾರಿಗೆ ಅದ್ದಿ, "ಅಯ್ಯಯ್ಯೋ! ನೋಡೇ, ಮತ್ತೆ ಕೆಟ್ಟೋಯ್ತು!" ಎಂದು ಕೂಗಿದರು.

"ನಾಚಿಕೆ ಆಗಲ್ವಾ ನಿಮಗೆ? ಮಗಿನ ಊಟಕ್ಕೆ ಕೈ ಆಕ್ತೀರಲ್ಲ!"

"ಮತ್ತೆ ನೀನು ಅವಳ ಮಡಕೇಲಿ ಮಾಡೋ ಅಂಗೆ ನಮಗೆ ಯಾವತ್ತಾದ್ರೂ ಮಾಡಿದ್ದೀಯೇನೇ?"

ಅವರ ಮಾತಿನಲ್ಲಿ ನಿಜವಿತ್ತು. ಬಾಡಿನ ಸಾರು ನನಗೆ ನಿದ್ದೆಯಲ್ಲೂ ಬರುತ್ತದೆ. ಆದರೆ ಬಾಡಿಲ್ಲದೆ ಭಾನುವಾರ ಅನ್ನಿಸುವ ಹಾಗೆ ಏನು ಮಾಡುವುದು? ಉಳಿದವರೆಲ್ಲ ಮೂಳೆ ಚೀಪುವಾಗ ಆ ಮಗು ಸಪ್ಪೆ ಮುಖ ಮಾಡಿಕೊಂಡು ಕೂರಬಾರದಲ್ಲ. ಹಾಗಾಗಿ ವಾರವೆಲ್ಲ ಆ ಪುಟ್ಟ ಮಡಕೆಯದೇ ಚಿಂತೆ. ಬದನೆಕಾಯಿಗೆ ಬಾಡಿಗೆ ಹಾಕುವ ಮಸಾಲೆಯನ್ನೇ ಹಾಕಿದೆ, ಹುರುಳಿ ಮೊಳಕೆ ಕಟ್ಟಿದೆ, ಸೊಪ್ಪು ಬೇಯಿಸಿ ಬಸಿದು ಬಸ್ಸಾರು ಮಾಡಿದೆ. ಎಲ್ಲಕ್ಕಿಂತ ಗೆದ್ದದ್ದು ಬೆರಕೆ ಸೊಪ್ಪು. ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಹತ್ತಾರು ಥರದ ಸೊಪ್ಪನ್ನು ಕಲಸಿ ಮಾರುತ್ತಾರಲ್ಲ, ಅದು. ಅದನ್ನು ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಸರೋಜ ಎರಡನೇ ಮುದ್ದೆಗೆ ತಟ್ಟೆ ಚಾಚುತ್ತಾಳೆ. ಅವಳು ತಟ್ಟೆ ಚಾಚಿದ ದಿನ ನಾನು ಹೊಟ್ಟೆ ತುಂಬ ಉಂಡ ಹಾಗೆ.

ಈ ಸೊಪ್ಪು ತರುತ್ತಿದ್ದವಳು ಯಲ್ಲಮ್ಮ. ನಮ್ಮ ಅಳಿಯನ ಊರಿನವಳೇ. ಬೆಳಗಿನ ರೈಲಿಗೆ ಬಂಗಾರಪೇಟೆಯಿಂದ ಬುಟ್ಟಿ ಹೊತ್ತು ಬಂದು, ಲೈನುಗಳಲ್ಲಿ ಮಾರಿ, ಬಿಸಿಲೇರುವಷ್ಟರಲ್ಲಿ ವಾಪಸು ಹೋಗುತ್ತಾಳೆ. ಮನೆಮಾತು ತೆಲುಗು. ಎಲ್ಲ ಶುರುವಾದದ್ದು ಇಲ್ಲಿಂದ. ಊರಿಗೆ ಒಂದು ಮಾತು ಹೇಳಿಕಳಿಸೋಣ, ಹುಡುಗಿ ಬಾಡು ಬಿಟ್ಟಿದ್ದಾಳೆ, ನೀವು ಬರುವಾಗ ಒಣಮೀನು ಗಿಣಮೀನು ತರಬೇಡಿ, ಅವಳು ಚೆನ್ನಾಗೇ ಇದ್ದಾಳೆ ಎಂದು. ಆವತ್ತು ಯಲ್ಲಮ್ಮ ಬರುವ ಹೊತ್ತಿಗೆ ನಲ್ಲಿಯಲ್ಲಿ ನೀರು ಬಂತು. ನಲ್ಲಿಯ ಮುಂದೆ ಕೊಡ ಬಿಟ್ಟು ಬಂದರೆ ಆ ಕೊಡ ಸಾಲಿನ ಕೊನೆಗೆ ತಾನಾಗಿ ನಡೆದುಹೋಗುತ್ತದೆ. ಅದಕ್ಕೆ ಅಲ್ಲಿಂದಲೇ ಕೂಗಿದೆ: "ಕಣ್ಣಮ್ಮಾ, ಸರೋಜ ಬಾಡು ಬಿಟ್ಟವಳೆ ಅಂತ ಯಲ್ಲಮ್ಮಂಗೆ ಏಳಿಬಿಡು, ಅವರ ಮನೆಗೆ ಮುಟ್ಟಿಸ್ಲಿ."

ಕಣ್ಣಮ್ಮ ತಮಿಳಿನವಳು. ಹೇಳಿದಳು, ಅವಳ ತಪ್ಪೇನಿಲ್ಲ. "ಪೊಣ್ಣು ಕರಿ ಸಾಪ್ಪಿಡಾದು" ಎಂದಳು. ಹುಡುಗಿ ಕರಿ ತಿನ್ನುವುದಿಲ್ಲ ಎಂದು. ತಮಿಳಿನವರಿಗೆ ಕರಿ ಅಂದರೆ ಬಾಡು. ಆದರೆ ಯಲ್ಲಮ್ಮನಿಗೆ ಬರುವ ತಮಿಳು ಬುಟ್ಟಿಯೊಳಗಿನ ತಮಿಳು. ಲೈನಿನ ಹೆಂಗಸರು ದಿನಾ ಅವಳನ್ನು "ಕಾಯ್ಕರಿ, ಏ ಕಾಯ್ಕರಿ" ಎಂದು ಕೂಗುತ್ತಾರೆ; ಕಾಯ್ಕರಿ ಅಂದರೆ ತರಕಾರಿ. ಅವಳಿಗೆ ಗೊತ್ತಿದ್ದ ಕರಿ ಅದೊಂದೇ. ಅವಳು ಊರಿಗೆ ಹೋಗಿ, ನಮ್ಮ ಬೀಗಿತ್ತಿಗೆ, ಅಂದರೆ ಅಳಿಯನ ತಾಯಿಗೆ, ತೆಲುಗಿನಲ್ಲಿ ಹೇಳಿದಳು: "ಪಿಲ್ಲ ಕೂರ ತಿನದಂಟ." ಅವರ ಮನೆಯಲ್ಲಿ ಕೂರ ಅಂದರೆ ಸೊಪ್ಪು, ತರಕಾರಿ, ಪಲ್ಯ. ಹುಡುಗಿ ಸೊಪ್ಪು ತರಕಾರಿ ತಿನ್ನುವುದಿಲ್ಲವಂತೆ! ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಯಲ್ಲಮ್ಮ ಬಾಯಿ ತಡೆಯಲಾರದೆ ಇನ್ನೊಂದು ಮಾತು ಸೇರಿಸಿದಳು: "ಆದ್ರೆ ಅವರಜ್ಜಿ ದಿನಾ ನನ್ನತ್ರ ಒಂದು ಒರೆ ಸೊಪ್ಪು ತಗೋತಾಳೆ, ಯಾಕೋ ಏನೋ."

ಬೀಗಿತ್ತಿಗೆ ಇನ್ನೇನು ಬೇಕು? ಮೊಮ್ಮಗಳಿಗೆ ಸೊಪ್ಪು ಸೇರುವುದಿಲ್ಲ, ಅಜ್ಜಿ ದಿನಾ ಸೊಪ್ಪೇ ಹಾಕುತ್ತಾಳೆ, ಬಾಡೆಲ್ಲ ಗಂಡ ಹೆಂಡತಿ ತಿನ್ನುತ್ತಾರೆ. ಆ ಊರಿನಲ್ಲಿ ನನಗೆ ಯಾವ ಹೆಸರು ಬಂದಿರಬೇಕು ನೀವೇ ಯೋಚನೆ ಮಾಡಿ.

ನಾನಿದೊಂದೂ ಅರಿಯೆ. ಭಾನುವಾರ ಬೆಳಗ್ಗೆ ಜಗುಲಿಯಲ್ಲಿ ಕೂತು, ಮೊರದ ತುಂಬ ಬೆರಕೆ ಸೊಪ್ಪು ಹಾಕಿಕೊಂಡು ಸೋಸುತ್ತಿದ್ದೆ. ಎದುರಿಗೆ ಅಳಿಯ. ಕಂಕುಳಲ್ಲಿ ಕಾಲು ಕಟ್ಟಿದ ದೊಡ್ಡ ಕೆಂಪು ಹುಂಜ. ಹುಂಜಕ್ಕಿಂತ ಅಳಿಯನ ಮುಖ ಕೆಂಪಗಿತ್ತು. ಅವನು ನನ್ನ ಮುಖ ನೋಡಲಿಲ್ಲ, ಮೊರ ನೋಡಿದ.

"ಬಾಪ್ಪ ಬಾ. ಏಳಿಕಳಿಸದೆ ಬಂದ್ಯಲ್ಲ. ಜಯಮ್ಮ ಚೆನ್ನಾಗವಳಾ?"

"ನಿಮ್ಮ ಮಗಳು ಚೆನ್ನಾಗವಳೆ ಅತ್ತೆ. ನನ್ನ ಮಗಳ ಗತಿ ಏನು ಮಾಡಿದ್ದೀರ ಅದನ್ನೇಳಿ."

ಸುದ್ದಿ ಮುಟ್ಟಿದೆ, ಬಾಡು ಬಿಟ್ಟದ್ದಕ್ಕೆ ಕೋಪ ಬಂದಿದೆ ಎಂದುಕೊಂಡೆ. ಮೆತ್ತಗೆ ಹೇಳಿದೆ, "ಏನ್ ಮಾಡೋದಪ್ಪ, ಮಗು ಅದನ್ನ ಮುಟ್ಟಲ್ಲ ಅಂತದೆ."

"ಮುಟ್ಟಲ್ಲ ಅಂದ್ಮೇಲೂ ಅದನ್ನೇ ಬೇಯಿಸಿ ಆಕ್ತೀರಲ್ಲ!"

"ಬೇಯಿಸ್ತೀನಿ. ಅವಳಿಗೆ ಆಕಲ್ಲ. ನಾವು ತಿಂತೀವಿ."

"ಮತ್ತೆ ಅವಳಿಗೆ?"

"ಅವಳಿಗೆ ಬೇರೆ ಮಡಕೆ ಇಟ್ಟಿದ್ದೀನಿ."

"ಬೇರೆ ಮಡಕೆ!" ಅಳಿಯ ಜಗುಲಿಯ ಕಂಬ ಹಿಡಿದುಕೊಂಡ. "ಮೊಮ್ಮಗಳಿಗೆ ಬೇರೆ ಮಡಕೆ ಇಟ್ಟಿದ್ದೀರಾ? ಆ ಮಡಕೇಲಿ ಏನಿರ್ತದೆ?"

"ಸೊಪ್ಪು" ಎಂದೆ, ಹೆಮ್ಮೆಯಿಂದ.

"ಅದೇ ತಾನೇ ನಾನು ಏಳ್ತಿರೋದು!" ಅವನು ಕೂಗಿದ ರಭಸಕ್ಕೆ ಹುಂಜವೂ ಕೂಗಿತು. "ಮಗು ಅದನ್ನ ತಿನ್ನಲ್ಲ ಅಂದ್ರೂ ದಿನಾ ಅದನ್ನೇ ಆಕ್ತೀರಲ್ಲ, ನಿಮಗೆ ಮನುಷ್ಯತ್ವ ಐತಾ? ಒಂದು ತುಂಡು ಬಾಡಿಗೆ ಬಡತನ ಬಂತಾ ನಿಮ್ಮನೇಲಿ? ತಗೊಳ್ಳಿ ಹುಂಜ! ನಾನು ಸಾಕಿದ್ದು! ಇವತ್ತು ನನ್ನ ಮಗಳು ಒಟ್ಟೆ ತುಂಬ ತಿನ್ಲಿ, ಸಾಯಂಕಾಲದ ರೈಲಿಗೆ ಕರ್ಕೊಂಡೋಯ್ತೀನಿ. ಓದಿದ್ದು ಸಾಕು."

ನನ್ನ ಕೈಯಿಂದ ಮೊರ ಜಾರಿತು. ನೋಡಿ, ನನಗೆ ಎರಡು ಏಟು ಒಟ್ಟಿಗೇ ಬಿತ್ತು. ಸರೋಜ ಹೊರಟುಹೋಗುತ್ತಾಳೆ ಎನ್ನುವುದು ಒಂದು. ಇಡೀ ಲೈನಿಗೆ ಬಾಡಿನ ಸಾರಿನಲ್ಲಿ ಹೆಸರು ಮಾಡಿದವಳನ್ನು ಹಿಡಿದು, ಮಗುವಿಗೆ ಬಾಡು ಹಾಕದ ಜಿಪುಣಿ ಎಂದದ್ದು ಇನ್ನೊಂದು. ಯಾವುದಕ್ಕೆ ಮೊದಲು ಅಳುವುದು ಎಂದು ತಿಳಿಯದೆ ಎರಡಕ್ಕೂ ಸೇರಿಸಿ ಜೋರಾಗಿ ಅತ್ತೆ. ಯಜಮಾನರು ಒಳಗಿಂದ ಓಡಿ ಬಂದರು, ಕಣ್ಣಮ್ಮ ಪಕ್ಕದಿಂದ ಓಡಿ ಬಂದಳು. "ಎನ್ನಾಚ್ಚು, ಎನ್ನಾಚ್ಚು" ಎನ್ನುತ್ತಾ ಅವಳೂ ನನ್ನ ಜೊತೆಗೆ ಅತ್ತಳು, ಯಾಕೆಂದು ಗೊತ್ತಿಲ್ಲದೇ. ಅಷ್ಟು ಒಳ್ಳೆಯ ಹೆಂಗಸು.

ಆ ಹೊತ್ತಿಗೆ ಸರೋಜ ನಲ್ಲಿಯಿಂದ ಬಂದಳು, ಸೊಂಟದ ಮೇಲೊಂದು ಕೊಡ, ತಲೆಯ ಮೇಲೊಂದು ಕೊಡ. ನಾನು ಅಳುತ್ತಾ, ಅಪ್ಪ ಕೂಗುತ್ತಾ, ಕಣ್ಣಮ್ಮ ತಮಿಳಿನಲ್ಲಿ ಸಾಕ್ಷಿ ಹೇಳುತ್ತಾ ಇದ್ದದ್ದನ್ನು ನಿಂತು ಕೇಳಿದಳು. ಆಮೇಲೆ ಕೊಡಗಳನ್ನು ಇಳಿಸಿ, ಕಣ್ಣಮ್ಮನನ್ನು ಕೇಳಿದಳು, "ಅತ್ತೆ, ನೀವು ಯಲ್ಲಮ್ಮಂಗೆ ಏನಂತ ಏಳಿದ್ರಿ?" ಕಣ್ಣಮ್ಮ ಹೇಳಿದಳು. ಅಪ್ಪನನ್ನು ಕೇಳಿದಳು, "ಯಲ್ಲಮ್ಮ ನಿಮ್ಮಮ್ಮಂಗೆ ಏನಂತ ಏಳಿದ್ಲು?" ಅವನು ಹೇಳಿದ. ಸರೋಜ ಗೋಡೆಗೆ ಒರಗಿ ಹಾಗೇ ಜಾರಿ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಕರಿ ಯಾವುದು, ಕೂರ ಯಾವುದು ಎಂದು ಎಲ್ಲರಿಗೂ ಬಿಡಿಸಿ ಹೇಳಿದಳು. ಕೊನೆಗೆ, "ಅಜ್ಜಿ ತಪ್ಪಿಲ್ಲ ಅಪ್ಪ. ಬಾಡು ಬಿಟ್ಟೋಳು ನಾನೇ" ಎಂದಳು.

ನಾರಾಯಣಪ್ಪನ ಮುಖ ನೋಡಬೇಕಿತ್ತು. ಬಾಡು ಹಾಕಲಿಲ್ಲ ಎಂದು ಬಂದ ಕೋಪವನ್ನು ಬಾಡು ತಿನ್ನುವುದಿಲ್ಲ ಎನ್ನುವ ಕಡೆಗೆ ತಿರುಗಿಸಬೇಕು. ಎತ್ತಿನ ಗಾಡಿಯನ್ನು ಓಣಿಯಲ್ಲಿ ತಿರುಗಿಸಿದ ಹಾಗೆ ಸ್ವಲ್ಪ ಹೊತ್ತು ಹಿಡಿಯಿತು.

"ಯಾರು ಏಳಿಕೊಟ್ರು ನಿಂಗೆ?"

"ಯಾರೂ ಇಲ್ಲ. ಬೇಡ ಅನ್ನಿಸ್ತದೆ, ಅಷ್ಟೇ."

"ಇದನ್ನ ತಿನ್ನಲ್ಲ, ಅದನ್ನ ಮುಟ್ಟಲ್ಲ ಅಂತ ಒಣಗ್ಕೊಂಡು ಕೂತ್ಕೋ. ಗಾಳಿ ಬೀಸಿದ್ರೆ ಆರೋಗ್ತೀಯ. ನಡಿ, ಟ್ರಂಕು ತಗೋ."

ನಾನು ಬಾಯಿ ತೆರೆಯುವಷ್ಟರಲ್ಲಿ ಹುಂಜ ತೆರೆಯಿತು. ಮಾತಿನ ಬಿಸಿಯಲ್ಲಿ ಅಳಿಯ ಅದನ್ನು ಕೆಳಗೆ ಬಿಟ್ಟಿದ್ದ; ಕಟ್ಟಿದ ದಾರ ಸಡಿಲವಾಗಿತ್ತು. ಕೊಕ್ಕೊಕ್ಕೋ ಎಂದು ಒಂದು ಕೂಗು ಕೂಗಿ, ನನ್ನ ಮೊರದ ಮೇಲೆ ಹಾರಿ, ಸೊಪ್ಪನ್ನು ನಾಲ್ಕು ದಿಕ್ಕಿಗೆ ಕೆದರಿ ಲೈನಿನ ಮಧ್ಯಕ್ಕೆ ಓಡಿತು. "ಇಡೀರಿ! ಇಡೀರಿ!" ಅಳಿಯ ಓಡಿದ, ಪಂಚೆ ಎತ್ತಿ ಕಟ್ಟಿಕೊಂಡು ಯಜಮಾನರು ಓಡಿದರು, ಲೈನಿನಲ್ಲಿ ಭಾನುವಾರದ ಬಾಡಿಗೆ ಕಾಯುತ್ತಿದ್ದ ಗಂಡಸರೆಲ್ಲ ಓಡಿದರು. ಒಬ್ಬ ಕನ್ನಡದಲ್ಲಿ "ಆ ಕಡೆ" ಅನ್ನುತ್ತಾನೆ, ಒಬ್ಬ ತಮಿಳಿನಲ್ಲಿ "ಇಂದ ಪಕ್ಕಂ" ಅನ್ನುತ್ತಾನೆ, ಒಬ್ಬ ತೆಲುಗಿನಲ್ಲಿ ಹುಂಜಕ್ಕೇ ಬುದ್ಧಿ ಹೇಳುತ್ತಾನೆ. ಹುಂಜಕ್ಕೆ ಮೂರು ಭಾಷೆಯೂ ಬರುತ್ತಿತ್ತೋ ಏನೋ, ಎಲ್ಲರಿಗೂ ಸಮನಾಗಿ ತಪ್ಪಿಸಿಕೊಂಡಿತು. ಅಳಿಯ ಬಚ್ಚಲ ಕಲ್ಲಿನ ಮೇಲೆ ಜಾರಿ ಕೂತ. ಯಜಮಾನರು ಬೇಲಿ ಹಿಡಿದುಕೊಂಡು ಕೆಮ್ಮುತ್ತಾ ನಿಂತರು.

ಆಗ ಸರೋಜ ದಾವಣಿಯನ್ನು ಸೊಂಟಕ್ಕೆ ಬಿಗಿದಳು. ನಾನು ನೋಡುತ್ತಲೇ ಇದ್ದೆ. ಈ ಸಾಲಿನ ಕೊನೆಯಿಂದ ಆ ಸಾಲಿಗೆ, ಅಲ್ಲಿಂದ ಕಟ್ಟೆಯ ಮೇಲಕ್ಕೆ, ಕಟ್ಟೆಯಿಂದ ಒಂದೇ ನೆಗೆತಕ್ಕೆ ಕೆಳಕ್ಕೆ. ಬೆರಕೆ ಸೊಪ್ಪು ತಿಂದ ಕಾಲು ಅಂದರೆ ಹೇಗಿರುತ್ತದೆ ಎಂದು ಇಡೀ ಲೈನು ನೋಡಿತು. ಸ್ವಲ್ಪ ಹೊತ್ತಿಗೆ ಹುಂಜವನ್ನು ಕಂಕುಳಲ್ಲಿ ಅಮುಕಿಕೊಂಡು ನಿಧಾನವಾಗಿ ನಡೆದು ಬಂದಳು. ಏದುಸಿರೂ ಇಲ್ಲ. ನೆಲದ ಮೇಲೆ ಕೂತಿದ್ದ ಅಪ್ಪನಿಗೆ ಕೈ ಕೊಟ್ಟು ಎಬ್ಬಿಸಿದಳು. ಗಾಳಿ ಬೀಸಿದರೆ ಹಾರಿಹೋಗುವವಳ ಭುಜ ಹಿಡಿದುಕೊಂಡು ನಾರಾಯಣಪ್ಪ ಕುಂಟುತ್ತಾ ಜಗುಲಿಗೆ ಬಂದ.

ಈಗ ಇವಳು ಹುಂಜದ ಪರವಾಗಿ ಅಳುತ್ತಾಳೆ, ಬಿಟ್ಟುಬಿಡಿ ಎನ್ನುತ್ತಾಳೆ ಎಂದು ನಾವೆಲ್ಲ ಕಾದೆವು. ಅವಳು ಹುಂಜವನ್ನು ಅಪ್ಪನ ಮಡಿಲಿಗೆ ಕೊಟ್ಟು, "ನೀವು ತಿನ್ನೋರು ತಿನ್ನಿ ಅಪ್ಪ, ನಾನೇನು ಬೇಡ ಅನ್ನಲ್ಲ. ಮಸಾಲೆ ನಾನೇ ರುಬ್ಬಿಕೊಡ್ತೀನಿ. ನಂಗೆ ತಿನ್ನು ಅಂತ ಮಾತ್ರ ಏಳ್ಬೇಡಿ" ಎಂದಳು. ಆಮೇಲೆ ದನಿ ಸಣ್ಣದಾಯಿತು. "ಸ್ಕೂಲು ಬಿಡಿಸ್ಬೇಡಿ."

ಅಳಿಯ ಮೊಣಕಾಲು ಉಜ್ಜಿಕೊಂಡ. ಕೊನೆಗೆ ನನ್ನ ಕಡೆಗೆ ತಿರುಗಿದ.

"ಅತ್ತೆ, ದಿನಾ ಎರಡು ಮಡಕೆ ಇಡ್ತೀರಾ?"

"ಇಡ್ತೀನಪ್ಪ."

"ಎರಡು ಸೌಟು?"

"ಎರಡು."

"ನಮ್ಮಮ್ಮನ ಕೈಲಿ ಇದು ಆಗಲ್ಲ. ನಿಮ್ಮ ಮಗಳ ಕೈಲೂ ಆಗಲ್ಲ. ಇವಳನ್ನ ಊರಿಗೆ ಕರ್ಕೊಂಡೋದ್ರೆ ಮನೇಲಿ ದಿನಾ ಯುದ್ಧ." ಅವನು ದೊಡ್ಡದಾಗಿ ಉಸಿರುಬಿಟ್ಟ. "ಇಲ್ಲೇ ಇರ್ಲಿ ಬಿಡಿ. ನಿಮಗೆ ಅಭ್ಯಾಸ ಆಗೋಗೈತೆ."

ಇದಕ್ಕೆ ಯಾರಾದರೂ ಸಂತೋಷ ಪಡುತ್ತಾರಾ ಎಂದು ನೀವು ಕೇಳಬಹುದು. ನಾನು ಪಟ್ಟೆ. ಎದ್ದು ಅಳಿಯನ ಮುಖ ಸವರಿ ದೃಷ್ಟಿ ತೆಗೆದೆ, ಆ ರಭಸಕ್ಕೆ ಕಣ್ಣಮ್ಮನಿಗೂ ತೆಗೆದೆ. ಬೀಗಿತ್ತಿಗೆ ಇದನ್ನೆಲ್ಲ ಯಾರು ಹೇಳುವುದು ಎಂದು ಕೇಳಿದರೆ, ತಾನೇ ಹೋಗಿ, ತನ್ನ ಬಾಯಿಂದಲೇ ಹೇಳುತ್ತೇನೆ, ನಡುವೆ ಯಾರೂ ಬೇಡ ಎಂದು ಅಳಿಯ ಕೈ ಮುಗಿದ. ಸಾಯಂಕಾಲದ ರೈಲಿಗೆ ಹೋಗುವವನು ಮೊಣಕಾಲು ನೋವೆಂದು ಉಳಿದುಕೊಂಡ. ಹುಂಜದ ವಾಸನೆ ಆಗಲೇ ಲೈನಿನ ಕೊನೆಯ ಮನೆಯವರೆಗೆ ಹೋಗಿತ್ತು, ಮೊಣಕಾಲಿಗೂ ಅದು ತಿಳಿದಿರಬೇಕು.

ಸಾಯಂಕಾಲ ಎಲ್ಲರೂ ಒಟ್ಟಿಗೆ ಕೂತೆವು. ಯಾವಾಗಲೂ ಬಡಿಸಿ ಆದಮೇಲೆ ಉಣ್ಣುವವಳು ನಾನು, ಸರೋಜ ಬಿಡಲಿಲ್ಲ. ನನ್ನ ತಟ್ಟೆ ಹಾಕಿ, ನನ್ನ ಕೈ ಹಿಡಿದು ಕೂರಿಸಿ, ತಾನೇ ಬಡಿಸಿದಳು. ದೊಡ್ಡ ಮಡಕೆಯಲ್ಲಿ ಅವಳೇ ರುಬ್ಬಿದ ಮಸಾಲೆಯ ಕೋಳಿ ಸಾರು. ಪುಟ್ಟ ಮಡಕೆಯಲ್ಲಿ, ಹುಂಜ ಕೆದರಿದ್ದನ್ನು ಆರಿಸಿ ತೊಳೆದು ಮಾಡಿದ ಬೆರಕೆ ಸೊಪ್ಪು. ಅಳಿಯ ಮೊದಲನೆಯ ಮುದ್ದೆಯನ್ನು ಕೋಳಿಯಲ್ಲಿ ಮುಗಿಸಿ, ಪುಟ್ಟ ಮಡಕೆಯ ಕಡೆ ಕತ್ತು ಉದ್ದ ಮಾಡಿದ. "ಅದೇನದು, ಗಮ್ ಅಂತೈತೆ? ಒಂಚೂರು ಆಕಮ್ಮ, ನೋಡನ." ನೋಡಿದ. ಇನ್ನೊಂದು ಮುದ್ದೆ ಪೂರ್ತಿ ಅದರಲ್ಲೇ ನೋಡಿದ. ಯಜಮಾನರು, ಈಗ ಕದಿಯುವ ಕಷ್ಟವಿಲ್ಲವೆಂದು, ನೇರವಾಗಿ ತಟ್ಟೆ ಚಾಚಿದರು. ಬಟ್ಟಲು ಹಿಡಿದುಕೊಂಡು ಬಾಗಿಲಿಗೆ ಬಂದ ಕಣ್ಣಮ್ಮನಿಗೆ ಕೋಳಿ ಸಾರು ಬಗ್ಗಿಸಹೋದರೆ, "ವೇಣ್ಡಾ ಅಕ್ಕಾ, ಆ ಸೊಪ್ಪು ಕುಡು" ಎಂದು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

ನಾನು ಮುದ್ದೆ ಮುರಿದು, ಬೆರಳಿನಲ್ಲಿ ಗುಳಿ ಮಾಡಿಕೊಂಡು, "ನಂಗೂ ಸ್ವಲ್ಪ ಸೊಪ್ಪು ಆಕೇ" ಎನ್ನುವ ಹೊತ್ತಿಗೆ ಸರೋಜ ಪುಟ್ಟ ಮಡಕೆಯನ್ನು ಬೋರಲು ಹಾಕಿ ತೋರಿಸಿದಳು. ಒಂದು ತೊಟ್ಟೂ ಇಲ್ಲ. "ಪಾಪ, ಅಜ್ಜಿಗೆ ಬರೀ ಕೋಳೀನೇ ಉಳಿದಿದ್ದು" ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕರೂ, ಬಾಡಿನ ಸಾರಿಗೆ ಹೆಸರು ಮಾಡಿದ ಈ ಹೆಂಗಸು, ತಟ್ಟೆಯಲ್ಲಿ ಒಳ್ಳೆಯ ತೊಡೆಯ ತುಂಡು ಇಟ್ಟುಕೊಂಡು, ಪಕ್ಕದಲ್ಲಿ ಕೂತ ಹದಿನೈದು ವರ್ಷದ ಹುಡುಗಿಯ ತಟ್ಟೆಯ ಹಸಿರನ್ನೇ ನೋಡುತ್ತಿದ್ದಳು ಎನ್ನುವುದು ನಿಜ. ಸರೋಜ ಸುತ್ತ ನೋಡಿ, ತನ್ನ ತಟ್ಟೆಯ ಸೊಪ್ಪನ್ನು ಅರ್ಧ ನನ್ನ ಕಡೆಗೆ ತಳ್ಳಿದಳು. ನಾನು ಆ ತೊಡೆಯ ತುಂಡನ್ನು ಅಳಿಯನ ತಟ್ಟೆಗೆ ದಾಟಿಸಿದೆ. ಎಲ್ಲರೂ ಅದನ್ನು ಅತ್ತೆಯ ದೊಡ್ಡ ಮನಸ್ಸು ಎಂದುಕೊಂಡರು. ನಾನೂ ಬೇಡ ಅನ್ನಲಿಲ್ಲ, ತಲೆ ತಗ್ಗಿಸಿಕೊಂಡು ಉಂಡೆ.